ಹೊಟ್ಟೆ ಬಿಡಿ ಸಾರ್

ಟೈಲರ್ ಸುಣ್ಣಣ್ಣನಿಗೆ ಆ ಹೆಸರನ್ನು ಯಾರೋ ಇಟ್ಟದ್ದಲ್ಲ, ಅವನೇ ಇಟ್ಟುಕೊಂಡದ್ದು. ಆರು ವರ್ಷದ ಹಿಂದೆ ಮೊಣಕೈ ಮೇಲೆ ಅಂಗಿ ಗುಂಡಿಯಷ್ಟಗಲದ ಕೆಂಪು ಮಚ್ಚೆಯೊಂದು ಎದ್ದಿತು. ಗುಂಡಿಯಷ್ಟಿದ್ದದ್ದು ಜೇಬಿನಷ್ಟಾಯಿತು, ಜೇಬಿನಷ್ಟಿದ್ದದ್ದು ತೋಳು ತುಂಬಿತು. ಮೇಲೆ ಬೆಳ್ಳಗೆ ಹೊಟ್ಟು ಏಳತೊಡಗಿತು. ಗಿರಾಕಿಯೊಬ್ಬರು ತಮ್ಮ ಕಪ್ಪು ಬಟ್ಟೆಯ ಮೇಲೆ ಅದು ಉದುರಿದ್ದನ್ನು ನೋಡಿ "ಇದೇನಯ್ಯಾ?" ಎಂದಾಗ, ಅವನ ಬಾಯಿಂದ ತಟ್ಟನೆ ಬಂತು: "ಸೀಮೆಸುಣ್ಣ ಸಾರ್. ಗುರುತು ಹಾಕೀ ಹಾಕೀ ನಾನೇ ಸುಣ್ಣಣ್ಣ ಆಗ್ಬಿಟ್ಟಿದೀನಿ." ಅಂದಿನಿಂದ ಅವನ ಜೇಬಿನಲ್ಲಿ ಸದಾ ಒಂದು ಸುಣ್ಣದ ಬಿಲ್ಲೆ. ಸುಳ್ಳಿಗೂ ಒಂದು ಸಾಕ್ಷಿ ಬೇಕಲ್ಲ.

ಅದು ಸೋರಿಯಾಸಿಸ್ ಎಂದು ಡಾಕ್ಟರಮ್ಮ ಹೇಳಿದ ದಿನವೂ ಅವನು ನಗುತ್ತಲೇ ಮನೆಗೆ ಬಂದಿದ್ದ. "ಹೆಸರು ಸರಿಯಾಗೇ ಇಟ್ಟಿದಾರೆ ಕಣೇ. ಬೆಳಗಿಂದ ಸಂಜೆ ತನಕ ಸೋರೋದೇ ನನ್ನ ಕೆಲಸ." ಹೆಂಡತಿ ಪೊರಕೆ ಹಿಡಿದು ಅವನು ಕೂತೆದ್ದ ಜಾಗವನ್ನು ಗುಡಿಸಿದಳು. ಅವಳು ನಗಲಿಲ್ಲ. ಆಮೇಲೆ ಬಂದದ್ದು ಕರಿ ಮುಲಾಮು. ಅದರ ವಾಸನೆಗೆ, "ಈಗ ತಾನೇ ಡಾಂಬರು ಹಾಕಿರೋ ರಸ್ತೆ ನಾನು, ಮೇಲೆ ಲಾರಿ ಹೋಗೋದೊಂದು ಬಾಕಿ" ಎಂದ. ಮುಲಾಮು ಹಾಸಿಗೆಗೆ ಮೆತ್ತುತ್ತದೆಂದು ನೆಪ ಹೇಳಿ, ಒಂದು ವರ್ಷದಿಂದ ಅವನು ಮುಂದಿನ ಕೋಣೆಯಲ್ಲಿರುವ ಅಂಗಡಿಯ ಕಟಿಂಗ್ ಟೇಬಲ್ ಮೇಲೆ ಮಲಗುತ್ತಿದ್ದ. "ನನ್ನ ಗೊರಕೆ ಕಾಟ ನಿನಗೆ ತಪ್ಪಿತಲ್ಲ, ದೇವರಿಗೊಂದು ದೀಪ ಹಚ್ಚು" ಎಂದಿದ್ದ. ಅವಳು ದೀಪವನ್ನೇನೋ ಹಚ್ಚುತ್ತಿದ್ದಳು. ಬೇಡುತ್ತಿದ್ದದ್ದು ಬೇರೆ.

ಹೆಂಡತಿಗೂ ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಕಾಲರಿನ ಅಳತೆಗೆಂದು ಒಬ್ಬರ ಕತ್ತಿಗೆ ಟೇಪು ಸುತ್ತುವಾಗ, ಆ ಕತ್ತು ಹಿಂದಕ್ಕೆ ಸರಿದಿತ್ತು. ಸರಿದದ್ದು ಬರೀ ಒಂದಿಂಚು. ಆದರೆ ಇಂಚಿನ ಲೆಕ್ಕವನ್ನು ಟೈಲರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾರನೆಯ ದಿನದಿಂದ ಅವನು ಯಾರ ಮೈಯನ್ನೂ ಅಳೆಯಲಿಲ್ಲ. "ಹಳೇ ಬಟ್ಟೆ ಒಂದು ತಂದ್ಬಿಡಿ ಸಾರ್, ಅದರ ಅಳತೇಲೇ ಹೊಲಿದುಬಿಡ್ತೀನಿ" ಎನ್ನತೊಡಗಿದ.

ಹೆಡ್ಮಾಸ್ಟರು ಹಾಗೇ ಒಂದು ಹಳೆಯ ಪ್ಯಾಂಟು ತಂದುಕೊಟ್ಟರು. ಅದು ಅವರ ಹೊಟ್ಟೆ ಇನ್ನೂ ವಿನಯದಿಂದಿದ್ದ ಕಾಲದ್ದು. ಹೊಸ ಪ್ಯಾಂಟು ಸೊಂಟದವರೆಗೆ ಏರಿತು, ಗುಂಡಿ ಮಾತ್ರ ಮನೆಯಿಂದ ಹೊರಗೇ ನಿಂತಿತು.

"ಏನಯ್ಯಾ ಸುಣ್ಣಣ್ಣ! ಮೊದಲು ಅಳತೆ ತಗೊಳ್ಳೋವಾಗ ನಾನು ಹೊಟ್ಟೆ ಒಳಗೆ ಎಳ್ಕೊಂಡ್ರೆ ಬೈತಿದ್ದೆ, ಈಗ ನನ್ನ ಮುಟ್ಟೋದೇ ಇಲ್ಲ. ನನಗೇನು ಅಂಟುರೋಗ ಬಂದಿದ್ಯಾ?"

ಸುಣ್ಣಣ್ಣ ಪ್ಯಾಂಟು ವಾಪಸ್ಸು ಇಸಿದುಕೊಂಡು ಸೊಂಟದ ಹೊಲಿಗೆ ಬಿಚ್ಚತೊಡಗಿದ.

ಹೊಟ್ಟೆ ಎಳೆದುಕೊಳ್ಳುವವರಿಗೆ ಅವನು ಇಪ್ಪತ್ತೈದು ವರ್ಷದಿಂದ ಹೇಳುತ್ತಿದ್ದದ್ದು ಒಂದೇ ಮಾತು. "ಹೊಟ್ಟೆ ಬಿಡಿ ಸಾರ್. ಟೇಪು ಯಾರ ಹತ್ರಾನೂ ಚಾಡಿ ಹೇಳಲ್ಲ. ಅಳತೇಲಿ ಸುಳ್ಳು ಹೇಳಿದ್ರೆ ಆಮೇಲೆ ಉಸಿರು ಕಟ್ಟೋದು ನಿಮಗೇ."

ಅಷ್ಟರಲ್ಲಿ ರೋಗ ಬೆರಳ ತುದಿಗೆ ಇಳಿದಿತ್ತು. ಅವನ ಅಂಗಡಿಗೆ ಹೆಸರಿದ್ದದ್ದೇ ಕೈಯಲ್ಲಿ ಹೊಲಿದ ಕಾಜಾಗಳಿಗೆ. ಒಂದೊಂದು ಗುಂಡಿರಂಧ್ರವನ್ನೂ ಅವನು ಅಕ್ಷರ ಬರೆದ ಹಾಗೆ ಹೊಲಿಯುತ್ತಿದ್ದ. ಈಗ ಸೂಜಿ ಹಿಡಿದರೆ ಚರ್ಮ ಬಿರಿಯುತ್ತಿತ್ತು, ಕೈಗವಸು ಹಾಕಿದರೆ ನೂಲೇ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಿಳಿ ಅಂಗಿಯ ಮೂರನೆಯ ಕಾಜಾದ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಹೆಂಡತಿ ಅದನ್ನು ತಣ್ಣೀರಲ್ಲಿ ತಿಕ್ಕಿ ತೆಗೆದಳು. ಗುಂಡಿ ಹಚ್ಚುವ ಕೆಲಸ ಅವಳದೇ ಆದ್ದರಿಂದ ಅವಳ ಕಣ್ಣು ತಪ್ಪಿಸಲು ಸಾಧ್ಯವಿರಲಿಲ್ಲ.

"ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ಆ ಗಾದೆ ನನ್ನ ನೋಡೇ ಕಟ್ಟಿರಬೇಕು" ಎಂದ ಅವನು.

"ಈ ಸಲ ಆಸ್ಪತ್ರೆಗೆ ನಾನೂ ಬರ್ತೀನಿ" ಎಂದಳು ಅವಳು.

ಆ ಆಸ್ಪತ್ರೆಯಲ್ಲಿ ಪ್ರತಿ ಸಲವೂ ಒಂದು ಹಾಳೆ ಕೊಡುತ್ತಿದ್ದರು. ಕಳೆದ ಒಂದು ವಾರದಲ್ಲಿ ಚರ್ಮದಿಂದ ನಿಮ್ಮ ಕೆಲಸಕ್ಕೆ, ಉಡುಪಿಗೆ, ನಾಲ್ಕು ಜನರ ನಡುವೆ ಓಡಾಡುವುದಕ್ಕೆ, ಹತ್ತಿರದವರ ಜೊತೆಗಿನ ಬಾಳಿಗೆ ಎಷ್ಟು ತೊಂದರೆಯಾಯಿತು ಎಂದು ಹತ್ತು ಪ್ರಶ್ನೆ. ಇಲ್ಲವೇ ಇಲ್ಲ ಎಂದರೆ ಸೊನ್ನೆ, ಬಹಳ ಎಂದರೆ ಮೂರು. ಸುಣ್ಣಣ್ಣ ಪೆನ್ನು ಕೈಗೆ ಬಂದೊಡನೆ ಮೇಲಿಂದ ಕೆಳಗೆ ನೇರ ಹೊಲಿಗೆ ಹಾಕಿದ ಹಾಗೆ ಗುರುತು ಹಾಕಿಬಿಟ್ಟ: ಇಲ್ಲ, ಇಲ್ಲ, ಇಲ್ಲ. ತುರಿಕೆಗೆ ಮಾತ್ರ ಸ್ವಲ್ಪ.

ಡಾಕ್ಟರಮ್ಮ ಕೂಡಿದರು. "ಒಂದು! ಖುಷಿಯಾಗಿದೀರಲ್ಲ. ಇಂಜೆಕ್ಷನ್‌ಗೆ ಬರೀಬೇಕು ಅಂದ್ರೆ ಇಲ್ಲಿ ಹತ್ತು ದಾಟಬೇಕು. ಮುಲಾಮೇ ಮುಂದುವರಿಸೋಣ."

"ನಾಲ್ಕು ಸಲದಿಂದ ಇವರು ಹೀಗೇ ಬರೀತಿದಾರಾ ಅಮ್ಮಾ?" ಎಂದಳು ಹೆಂಡತಿ.

"ಹೌದಲ್ಲ."

ಅವಳು ಹಾಳೆ ತೆಗೆದುಕೊಂಡು ಬೆರಳಿಟ್ಟು ನಿಧಾನವಾಗಿ ಓದಿದಳು. ಹತ್ತಿರದವರ ಜೊತೆಗಿನ ಬಾಳು ಎಂಬಲ್ಲಿ ಬೆರಳು ನಿಂತಿತು.

"ಇಲ್ಲವೇ ಇಲ್ವಾ ರೀ?"

ಸುಣ್ಣಣ್ಣ ಮುಂಗೈ ಗುಂಡಿ ತಿರುವುತ್ತ ಕೂತ. "ಅವರಿಗ್ಯಾಕೆ ಬೇಜಾರು ಅಂತ..."

"ಆ ಟೇಬಲ್ಲಿನ ಮರಕ್ಕೂ ಗೊತ್ತಿರೋದನ್ನ ಡಾಕ್ಟರಿಗೆ ಮುಚ್ಚಿಡ್ತೀರಲ್ಲ" ಎಂದು ಅವಳು ಹಾಳೆಯನ್ನು ಅವನ ಮುಂದೆ ಇಟ್ಟಳು. "ಹೊಟ್ಟೆ ಬಿಡಿ ಸಾರ್."

ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ. ಸುಣ್ಣಣ್ಣನಿಗೆ ಅರ್ಥವಾಯಿತು, ಕಿವಿಯವರೆಗೆ ಬಿಸಿಯಾಯಿತು. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು.

"ಹೊಸ ಹಾಳೆ ಕೊಡ್ತೀರಾ ಅಮ್ಮಾ? ಈ ಅಳತೆ ತಪ್ಪಾಗಿದೆ."

ಈ ಸಲ ಅವನಿಗೆ ಕಾಲು ಗಂಟೆ ಹಿಡಿಯಿತು. ಕೆಲಸದ ಪ್ರಶ್ನೆಗೆ ಬಂದಾಗ ಹಿಂದೆ ಸರಿದ ಕತ್ತು ಕಣ್ಣಿಗೆ ಬಂತು. ಅದನ್ನು ಹೆಂಡತಿಗೆ ಕೇಳುವಂತೆ ಹೇಳಿಯೇ ಮೂರು ಹಾಕಿದ. ಅವಳು ಅವನ ಮುಂಗೈ ಗುಂಡಿ ಬಿಚ್ಚಿ, ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿ, ಕೈಯನ್ನು ಡಾಕ್ಟರಮ್ಮನ ಮುಂದಿಟ್ಟಳು.

"ಇಪ್ಪತ್ತೊಂದು" ಎಂದರು ಡಾಕ್ಟರಮ್ಮ, ತೋಳಿನಿಂದ ಕಣ್ಣು ತೆಗೆಯದೆ.

"ಸ್ಕೂಲಲ್ಲಿ ಯಾವತ್ತೂ ಇಷ್ಟು ಅಂಕ ಬಂದಿರಲಿಲ್ಲ ನನಗೆ" ಎಂದ ಸುಣ್ಣಣ್ಣ.

ಇಂಜೆಕ್ಷನ್ ಶುರುವಾಯಿತು. ಪವಾಡವೇನೂ ಆಗಲಿಲ್ಲ. ಮೊಣಕಾಲಿನ ಮಚ್ಚೆಗಳು ಇನ್ನೂ ಇವೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕು. ಬೆರಳಿನ ಬಿರುಕುಗಳು ಮಾತ್ರ ಮೂರನೆಯ ತಿಂಗಳಿಗೆ ಮುಚ್ಚಿಕೊಂಡವು. ಕಟಿಂಗ್ ಟೇಬಲ್ ಮೇಲೆ ಈಗ ಬಟ್ಟೆ ಮಾತ್ರ ಮಲಗುತ್ತದೆ, ಗೊರಕೆಯ ಕಾಟ ಹೆಂಡತಿಗೆ ವಾಪಸ್ಸು ಬಂದಿದೆ.

ಹೆಡ್ಮಾಸ್ಟರು ಮತ್ತೆ ಬಂದರು. ಕಂಕುಳಲ್ಲಿ ಅದೇ ಹಳೆಯ ಪ್ಯಾಂಟು.

"ಅದು ಬೇಡ ಸಾರ್, ಇಲ್ಲಿ ನಿಂತ್ಕೊಳ್ಳಿ. ಮೊದಲೇ ಹೇಳ್ಬಿಡ್ತೀನಿ, ನನಗೆ ಚರ್ಮದ ಕಾಯಿಲೆ ಇದೆ. ಅಂಟಲ್ಲ. ಸುಣ್ಣ ಅಂದಿದ್ದು ಸುಳ್ಳು."

"ಗೊತ್ತಯ್ಯಾ. ಮೂವತ್ತು ವರ್ಷ ಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತವನು ನಾನು. ನನಗೇ ಸುಣ್ಣದ ಕಥೆ ಹೇಳ್ತೀಯಾ? ಅಳೆ ಬೇಗ."

ಸುಣ್ಣಣ್ಣ ಟೇಪು ಸುತ್ತಿದ. ಹೆಡ್ಮಾಸ್ಟರು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಂಡರು. ಇಪ್ಪತ್ತೈದು ವರ್ಷದ ಆ ಮಾತು ಅವನ ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಲ್ಲಿಸಿಕೊಂಡ. ಅವರು ತೋರಿಸಿದ ಅಳತೆಯನ್ನೇ ಪುಸ್ತಕದಲ್ಲಿ ಬರೆದುಕೊಂಡು, ಅವರು ಮರೆಯಾದ ಮೇಲೆ, ಸೊಂಟಕ್ಕೆ ಮೂರಿಂಚು ಸೇರಿಸಿ ಬಟ್ಟೆಗೆ ಗುರುತು ಹಾಕಿದ.