ಅಕ್ಕನ ಕೊಲೆಯೊಂದು ಬಾಕಿ

ನಾನು ಈವರೆಗೆ ಇಪ್ಪತ್ತಾರು ಕೊಲೆ ಮಾಡಿದ್ದೇನೆ. ಅದರಲ್ಲಿ ಒಂಬತ್ತು ಮನೆಯವರದೇ. ಗಾಬರಿಯಾಗಬೇಡಿ, ಎಲ್ಲವೂ ಕಾಗದದ ಮೇಲೆ. ಪತ್ತೇದಾರಿ ಕಾದಂಬರಿ ಬರೆಯುವವನಿಗೆ ಹೊಸ ಹೊಸ ಹೆಣ ಎಲ್ಲಿಂದ ಸಿಗಬೇಕು ಹೇಳಿ? ಕೈಗೆ ಸಿಕ್ಕವರು ನೆಂಟರು. ಸೋದರಮಾವನನ್ನು ಮೆಟ್ಟಿಲಿನಿಂದ ತಳ್ಳಿದೆ. ಚಿಕ್ಕಮ್ಮನ ಕೆಮ್ಮಿನ ಔಷಧಿಗೆ ವಿಷ ಬೆರೆಸಿದೆ. ಅಕ್ಕನ ಗಂಡನನ್ನಂತೂ ಎರಡು ಸಲ ಮುಗಿಸಿದೆ. ಮೊದಲನೆಯ ಸಾವು ಭಾವನಿಗೆ ಹಿಡಿಸಿರಲಿಲ್ಲ.

ಮೊದಮೊದಲು ನನಗೆ ಬೈದವರೇ ಆಮೇಲೆ ಸರದಿ ಕಾಯತೊಡಗಿದರು. ಸೋದರಮಾವ ತಾನು ಸತ್ತ ಪುಟಕ್ಕೆ ಗುರುತಿಟ್ಟು, ಮನೆಗೆ ಬಂದವರನ್ನೆಲ್ಲ ಕೂರಿಸಿ ಓದಿ ಹೇಳುತ್ತಾನೆ. ನನ್ನ ಪುಸ್ತಕದಲ್ಲಿ ಸಾಯದವರಿಗೆ ಮನೆಯಲ್ಲಿ ಮರ್ಯಾದೆಯೇ ಇಲ್ಲ ಎಂಬಂತಾಯಿತು.

ಉಳಿದವಳು ಅಕ್ಕ ಒಬ್ಬಳೇ.

ಅಕ್ಕನದು ಹೊಲಿಗೆ ಅಂಗಡಿ. ಒಂದು ಕಿಟಕಿ, ಎರಡು ಮಿಷನ್ನು, ಕಾಲಿಟ್ಟಲ್ಲೆಲ್ಲ ಬಟ್ಟೆ ಚೂರು. ನಾನು ಬರೆದದ್ದನ್ನು ಮೊದಲು ಓದುವವಳು ಅವಳೇ. "ಏಳನೇ ಪುಟದಲ್ಲಿ ಇವನ ಅಂಗಿಗೆ ಜೇಬೇ ಇಲ್ಲ ಅಂದೆ. ಹನ್ನೆರಡರಲ್ಲಿ ಚಾಕು ಎಲ್ಲಿಂದ ತೆಗೆದ, ಕಿವಿಯಿಂದಾನಾ?" ಎನ್ನುತ್ತಾಳೆ. ನನ್ನ ಕೊಲೆಗಾರರು ಮಹಾ ಬುದ್ಧಿವಂತರೆಂದು ಓದುಗರು ಹೊಗಳುತ್ತಾರಲ್ಲ, ಆ ಬುದ್ಧಿಯೆಲ್ಲ ಅವಳದು. ಅವಳು ಓದದೆ ನನ್ನ ಒಂದು ಪುಸ್ತಕವೂ ಅಚ್ಚಿಗೆ ಹೋಗಿಲ್ಲ.

ಈ ಸಲ ಹೊಸ ಕಾದಂಬರಿಯ ಕಟ್ಟನ್ನು ಬಿಚ್ಚದೆಯೇ ನನ್ನ ಕಡೆ ತಳ್ಳಿದಳು.

"ಇಪ್ಪತ್ತು ವರ್ಷದಿಂದ ನಿನ್ನ ತಪ್ಪು ತಿದ್ದಿ ತಿದ್ದಿ ಕಣ್ಣು ಹೋಯ್ತು. ಒಂದು ಗುಂಡಿ ಹಾಕೋಕೆ ಬರದ ನಿನ್ನ ಭಾವನಿಗೆ ಎರಡೆರಡು ಕೊಲೆ, ನನಗೊಂದೂ ಇಲ್ಲ! ಮೊದಲು ನನ್ನನ್ನ ಕೊಂದು ತಾ. ಆಮೇಲೆ ಓದ್ತೀನಿ."

"ಅಕ್ಕಾ, ಪ್ರಕಾಶಕರು ತಲೆ ತಿಂತಿದ್ದಾರೆ ಕಣೇ. ತಿಂಗಳ ಕೊನೆಗೆ ಕೊಡಬೇಕು."

"ಹಾಗಾದ್ರೆ ಬೇಗ ಬೇಗ ಕೊಲ್ಲು."

ಅದೇನು ಮಹಾ ಎಂದುಕೊಂಡು ಕೂತೆ. ಕಾಫಿಯಲ್ಲಿ ವಿಷ ಹಾಕಿಸಿದೆ. ಕಾಗದದ ಮೇಲಿನ ಅಕ್ಕ ಮೂಸಿ ನೋಡಿ, "ಲೋಟ ಸರಿಯಾಗಿ ತೊಳೆದಿಲ್ಲ" ಎಂದು ಚೆಲ್ಲಿಬಿಟ್ಟಳು. ಮೆಟ್ಟಿಲಿನಿಂದ ತಳ್ಳಿಸಿದೆ. ಕಂಬಿ ಹಿಡಿದು ನಿಂತು, ತಿರುಗಿ ತಳ್ಳಿದವನ ಕೆನ್ನೆಗೆ ಬಾರಿಸಿದಳು. ಚಾಕು ಹಿಡಿದವನನ್ನು ಅಂಗಡಿಗೇ ನುಗ್ಗಿಸಿದೆ. ಅವನ ಅಂಗಿಯ ತೋಳು ಹರಿದದ್ದು ನೋಡಿ, ಸ್ಟೂಲಿನ ಮೇಲೆ ಕೂರಿಸಿ ಹೊಲಿದುಕೊಟ್ಟಳು! ಆ ಪುಣ್ಯಾತ್ಮ ಚಾಕು ಅಲ್ಲೇ ಬಿಟ್ಟು ಹೋದ.

ಎಂಟು ಸಲ ಬರೆದೆ, ಎಂಟು ಸಲವೂ ಬದುಕಿದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೆದರಿಕೆ. ಅಮ್ಮ ಹೋದಾಗ ನನಗೆ ಐದು ವರ್ಷ, ಅವಳಿಗೆ ಹದಿನೈದು. ಅವಳಿಲ್ಲದ ಮನೆಯನ್ನು ಸುಳ್ಳಿಗೂ ಬರೆಯಲು ನನಗೆ ಬರುವುದಿಲ್ಲ.

ಎಂಟನ್ನೂ ತಗೊಂಡು ಹೋಗಿ ಅವಳ ಮುಂದಿಟ್ಟೆ. "ನನ್ನ ಕೈಲಾಗಲ್ಲ ಅಕ್ಕ. ಬೇಕಾದ್ರೆ ಓದಬೇಡ" ಎಂದೆ.

ಅವಳು ಮಿಷನ್ನು ನಿಲ್ಲಿಸಿ ಓದತೊಡಗಿದಳು. ಕೆನ್ನೆಗೆ ಬಾರಿಸಿದ ಕಡೆ ಬಿದ್ದು ಬಿದ್ದು ನಕ್ಕಳು. ಕೊನೆಕೊನೆಗೆ ನಗು ನಿಂತಿತು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಎಂಟನೆಯದನ್ನೂ ಮುಗಿಸಿದಳು.

"ಹೇಡಿ ಕಣೋ ನೀನು" ಎಂದಳು. "ಹೋಗ್ಲಿ ಬಿಡು. ನಾನು ಸಾಯೋದು ಬೇಡ. ಈ ಸಲ ಕೊಲೆ ನಾನೇ ಮಾಡ್ತೀನಿ, ಬರ್ಕೋ."

"ಯಾರನ್ನ?"

"ನಿನ್ನನ್ನೇ. ಇನ್ಯಾರನ್ನ ಉಳಿಸಿದ್ದೀಯ?" ಎದ್ದು ಬಂದಳು. "ನೆಟ್ಟಗೆ ನಿಂತ್ಕೋ. ಕುತ್ತಿಗೆ ಅಳತೆ ನೋಡ್ಬೇಕು."

ಟೇಪನ್ನು ನನ್ನ ಕುತ್ತಿಗೆಗೆ ಸುತ್ತಿ, ಬೆರಳು ತೂರಿಸಿ ನೋಡಿದಳು. ಮತ್ತೊಂದು ಸಲ ನೋಡಿದಳು. ಅವಳ ಮುಖ ಸಣ್ಣದಾಯಿತು.

"ಇಷ್ಟು ಇಳಿದುಹೋಗಿದ್ದೀಯಲ್ಲೋ" ಎಂದಳು ನನ್ನ ಕೊಲೆಗಾರ್ತಿ. "ಹೊತ್ತು ಹೊತ್ತಿಗೆ ಊಟ ಮಾಡ್ತಿದ್ದೀಯ ತಾನೇ?"