ಅಚ್ಚಿನಲ್ಲಿ ಬಂದ ಅತ್ತೆ

ವಿಜಯನಗರ ಬಡಾವಣೆಯ ಮಹಿಳಾ ವಾಚನಾಲಯವನ್ನು ಹನ್ನೊಂದು ವರ್ಷ ನಡೆಸಿದ ಜಯದೇವಿಯವರು ಕಾದಂಬರಿಗಳ ಕಪಾಟಿಗೆ ಬೆನ್ನು ಮಾಡಿಯೇ ಕುಳಿತುಕೊಳ್ಳುತ್ತಿದ್ದರು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನ ಬಂದು ಬಾಗಿಲು ತೆರೆಯುವ ಆ ಸಾಧ್ವಿ ಎಲ್ಲರಿಗೂ ಶಿಫಾರಸು ಮಾಡುತ್ತಿದ್ದುದು ಆತ್ಮಕಥೆಗಳನ್ನು. "ತಾನು ಎಡವಿದ್ದನ್ನು ಬರೆಯದವರ ಪುಸ್ತಕ ಮುಟ್ಟಬೇಡಿ" ಎಂಬುದೊಂದೇ ಅವರ ಒರೆಗಲ್ಲು. ಪಕ್ಕದ ಗೋವಿಂದರಾಜನಗರದ ಅತ್ತೆಯರಿಗೂ ಇದು ಒಪ್ಪಿಗೆಯಾಗಿತ್ತು. ಕಾದಂಬರಿ ಸೊಸೆಯರನ್ನು ಕೆಡಿಸುತ್ತದೆ, ದೊಡ್ಡವರ ಜೀವನಚರಿತ್ರೆ ಕೆಡಿಸುವುದಿಲ್ಲ ಎಂದು ಆ ಮನೆಗಳು ನಂಬಿದ್ದವು.

ಆ ನಂಬಿಕೆಯ ಮರೆಯಲ್ಲಿಯೇ ಜಯದೇವಿಯವರು ೧೯೭೪ರಲ್ಲಿ ಒಂದು ಕಪಟವನ್ನು ಎಸಗಿದರು. ಪಂಕಜಾ ಎಂಬ ಇಪ್ಪತ್ತನಾಲ್ಕರ ಸೊಸೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ್ದಳು. ಗಂಡನಿಗೆ ಗೊತ್ತಿತ್ತು, ತಾಯಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ವಾಚನಾಲಯದ ವಿಳಾಸಕ್ಕೆ ಬಂದ ಹಾಲ್ ಟಿಕೆಟನ್ನು ಜಯದೇವಿಯವರು ಒಂದು ಆತ್ಮಕಥೆಯ ಕಾಗದದ ಹೊದಿಕೆಯೊಳಗೆ ಸೇರಿಸಿ ಅವಳಿಗೆ ಕೊಟ್ಟರು. ಅತ್ತೆ ಶಿವಗಂಗಮ್ಮನವರಿಗೆ ಅಕ್ಷರ ಬಾರದು; ಅಂಥ ಪುಸ್ತಕಗಳನ್ನು ಅವರು ದೇವರ ಗೂಡಿನಲ್ಲಿರಿಸಿ ಕೈಮುಗಿಯುತ್ತಿದ್ದರು. ಪರೀಕ್ಷೆಯ ದಿನದವರೆಗೆ ಅದಕ್ಕಿಂತ ಭದ್ರವಾದ ಠಾವು ಯಾವುದಿದ್ದೀತು?

ಪರೀಕ್ಷೆಯ ಹಿಂದಿನ ದಿನ ನಾಲ್ಕು ಗಂಟೆಗೆ ಶಿವಗಂಗಮ್ಮನವರು ಅದೇ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ವಾಚನಾಲಯದ ಮೆಟ್ಟಿಲೇರಿದರು.

"ಏನಮ್ಮಾ ಜಯದೇವಿ, ಶರಣೆ ಚರಿತ್ರೆ ಅಂತ ದೇವರ ಗೂಡಲ್ಲಿ ಇಟ್ಟಿದ್ದೆ. ಪಕ್ಕದ್ಮನೆ ಯಶೋದಮ್ಮ ಹೇಳಿದ್ಲು, ಇವಳ್ಯಾರೋ ಮನೆ ಬಿಟ್ಟು ಓದಕ್ಕೆ ಹೋದೋಳಂತೆ!"

"ದಾದಿಯಾದ್ರು, ಅಮ್ಮ. ಸಾವಿರ ಹೆರಿಗೆ ಮಾಡಿಸಿದ್ರು. ಕೊಡಿ ಇಲ್ಲಿ, ಬೇರೆ ಕೊಡ್ತೀನಿ." ಜಯದೇವಿಯವರು ಕೈಚಾಚಿದರು.

"ಇದು ನಮ್ಮನೆ ನೀರೊಲೆಗೆ ಲಾಯಕ್ಕು. ಅದಕ್ಕೂ ಮುಂಚೆ ನಿನ್ನ ಬಾಯಿಂದ್ಲೇ ಕೇಳ್ಬೇಕು. ಓದು, ಅಂಥಾದ್ದೇನೈತೆ ಇದ್ರಲ್ಲಿ!"

ಪುಸ್ತಕವನ್ನು ಕೈಬಿಡದೆ, ಕುಳಿತು ಮಡಿಲಲ್ಲಿಟ್ಟುಕೊಂಡೇ ಶಿವಗಂಗಮ್ಮನವರು ಸೊಸೆ ಮಡಿಸಿದ್ದ ಪುಟವನ್ನು ತೆರೆದರು. ಅಕ್ಷರವರಿಯದವರ ಮುಂದೆ ಬೇರೇನನ್ನಾದರೂ ಓದಿಬಿಡಬಹುದಿತ್ತು. ಆದರೆ ಒಂದು ಕಪಟದ ಮೇಲೆ ಇನ್ನೊಂದನ್ನು ಹೇರಲು ಮನಸ್ಸೊಪ್ಪಲಿಲ್ಲ. ಜಯದೇವಿಯವರು ಬಾಗಿ, ಇದ್ದುದನ್ನು ಇದ್ದಂತೆಯೇ ಓದಿದರು:

"ಪರೀಕ್ಷೆಯ ಮುಂಜಾನೆ ಅತ್ತೆ ನನ್ನನ್ನು ಕೋಣೆಯಲ್ಲಿ ಕೂಡಿ ಅಗುಳಿ ಹಾಕಿದರು. ತೆರೆದದ್ದು ಊಟದ ಹೊತ್ತಿಗೆ. ಅವರ ಹೆಸರು ಲಕ್ಷ್ಮಿದೇವಮ್ಮ."

ಶಿವಗಂಗಮ್ಮನವರ ಹುಬ್ಬು ಗಂಟಿಕ್ಕಿತು.

"ಹೆಸ್ರೂ ಹಾಕಿದಾಳಾ?"

"ಹಾಕಿದಾರೆ."

"ಅಚ್ಚಲ್ಲಿ?"

"ಅಚ್ಚಲ್ಲೇ. ಸಾವಿರ ಪ್ರತಿ."

"ಆಯಮ್ಮ ಸತ್ತಿರ್ಬೇಕು ಇಷ್ಟೊತ್ತಿಗೆ."

"ಹ್ಞೂಂ, ಬಹಳ ವರ್ಷ ಆಯ್ತಂತೆ."

"ಸತ್ರೂ ಅಗುಳಿ ಹಿಡ್ಕೊಂಡೇ ನಿಂತವ್ಳಲ್ಲೇ, ಪಾಪಿ!"

ಪುಸ್ತಕವನ್ನು ಅವರು ಪಟ್ಟನೆ ಮುಚ್ಚಿದ ರಭಸಕ್ಕೆ ಹೊದಿಕೆ ಸಡಿಲಿ, ಹಾಲ್ ಟಿಕೆಟ್ಟು ನೆಲಕ್ಕೆ ಜಾರಿತು. ಅಕ್ಷರ ತಿಳಿಯದಿದ್ದರೇನು, ಅಂಟಿಸಿದ್ದ ಸೊಸೆಯ ಭಾವಚಿತ್ರ ತಿಳಿಯದೆ ಹೋದೀತೆ? ಜಯದೇವಿಯವರು ಬಾಗುವ ಮೊದಲೇ ಶಿವಗಂಗಮ್ಮನವರು ಅದನ್ನೆತ್ತಿಕೊಂಡರು.

"ಇದೇನು?"

"ನಾಳೆ ಒಂಬತ್ತೂವರೆಗೆ ಪಂಕಜಂಗೆ ಪರೀಕ್ಷೆ. ಅದಿಲ್ದೆ ಒಳಗೆ ಬಿಡಲ್ಲ. ಕಟ್ಟಿಸಿದೋಳು ನಾನು. ಬಯ್ಯೋದಾದ್ರೆ ನನ್ನನ್ನ ಬಯ್ಯಿರಿ."

ಎರಡು ಬೆರಳುಗಳ ನಡುವೆ ಕಾಗದ ಬಾಗಿತು. ಹರಿದರೆ ಪಂಕಜಾಳ ಎರಡು ವರ್ಷದ ಓದು ಹರಿದಂತೆ. ಜಯದೇವಿಯವರ ತುಟಿಗಳು ಸದ್ದಿಲ್ಲದೆ ಶಿವನಾಮವನ್ನು ನುಡಿಯುತ್ತಿದ್ದವು.

"ಕಳ್ಳಿ! ಒಂದೇ ಮನೇಲಿದ್ದೂ ಒಂದು ಮಾತು ನಂಗೆ ಹೇಳ್ಲಿಲ್ವಲ್ಲ" ಎಂದ ಶಿವಗಂಗಮ್ಮನವರು ಟಿಕೆಟ್ಟನ್ನು ಎಲೆಯಡಿಕೆಯ ಚೀಲಕ್ಕೆ ತುರುಕಿ, ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟುಹೋದರು.

ಮರುದಿನ ಜಯದೇವಿಯವರು ರಾಜಾಜಿನಗರದ ಶಾಲೆಯ ಗೇಟಿನಲ್ಲಿ ಎಂಟೂವರೆಗೇ ನಿಂತಿದ್ದರು. ಒಂಬತ್ತಾಯಿತು. ಮೊದಲ ಗಂಟೆ ಹೊಡೆಯಿತು. ಜವಾನ ಗೇಟಿನ ಒಂದು ರೆಕ್ಕೆಯನ್ನು ಎಳೆದು ಮುಚ್ಚಿದ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಶಿವಗಂಗಮ್ಮನವರು ದಾಪುಗಾಲಿಡುತ್ತ ಬಂದರು. ಹಿಂದೆ ಏದುಸಿರಿನ ಪಂಕಜಾ. ಗೇಟಿನ ಬಳಿ ಚೀಲ ಬಿಚ್ಚಿ, ಸುಣ್ಣದ ಕಲೆಯಾದ ಟಿಕೆಟ್ಟನ್ನು ಸೊಸೆಯ ಕೈಗಿಟ್ಟು, ಜವಾನನಿಗೂ ಕೇಳುವಂತೆ ಹೇಳಿದರು:

"ಹೋಗೇ, ಓಡು. ಮುಂದೆ ನಿನ್ ಕತೆ ಬರೆಯೋದಿದ್ರೆ, ಕರ್ಕೊಂಡ್ ಬಂದೋಳು ಶಿವಗಂಗಮ್ಮ ಅಂತ ಸರಿಯಾಗಿ ಬರಿ!"