ಕವನಳ ಹಳೆಯ ಅಳತೆ

ನನ್ನ ಅಣ್ಣನ ಮಗಳು ಕವನ ಗೋಪಾಳ ಬಡಾವಣೆಯಲ್ಲಿ ಮದುವೆ ಬ್ಲೌಸ್ ಹೊಲಿಯುತ್ತಾಳೆ. ನಾನು ಅವಳ ಅಂಗಡಿಯ ಮೂಲೆಯಲ್ಲಿ ಕೂತು ಹುಕ್ಕು ಹಾಕಿಕೊಡುತ್ತೇನೆ. ಕೈಗೆ ಕೆಲಸ, ಕಿವಿಗೆ ಬಿಡುವು. ಕವನ ಬಾಯಿಬಿಟ್ಟು ಹೇಳದಿದ್ದರೂ ಅವಳ ಮನಸ್ಸು ನನಗೆ ಕತ್ತರಿಯ ಸದ್ದಿನಲ್ಲೇ ಗೊತ್ತಾಗುತ್ತದೆ. ಬಂದ ಗಿರಾಕಿ "ಭದ್ರಾವತಿ ಮೋನಿಕಾ ಚೆನ್ನಾಗಿ ಹೊಲೀತಾಳಂತೆ" ಎಂದರೆ ಸಾಕು, ಆ ಕತ್ತರಿ ಹಲ್ಲು ಕಡಿಯುತ್ತಾ ಓಡುತ್ತದೆ.

ಮೋನಿಕಾ ಇವಳ ಹತ್ತಿರವೇ ಕೆಲಸ ಕಲಿತವಳು. ಮದುವೆಯಾಗಿ ಭದ್ರಾವತಿಯ ನ್ಯೂಟೌನಿಗೆ ಹೋದವಳು ಅಲ್ಲೇ ಸ್ವಂತ ಅಂಗಡಿ ಹಾಕಿದಳು. ಅಷ್ಟನ್ನು ಕವನ ಹೇಗೋ ಸಹಿಸಿಕೊಂಡಳು. ಮೋನಿಕಾ ವೆಬ್‌ಸೈಟ್ ಮಾಡಿಕೊಂಡಾಗ ಮಾತ್ರ ತಡೆಯಲಾಗಲಿಲ್ಲ. ಹಟಕ್ಕೆ ಬಿದ್ದು, ವಿಡಿಯೊ ನೋಡಿ ಕಲಿತು, ತಾನೂ ಒಂದು ಮಾಡಿಕೊಂಡಳು. ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಡಿಸೈನ್ ಆರಿಸಿ, ಅಳತೆ ತುಂಬಿ ಆರ್ಡರ್ ಕೊಡಬಹುದು. ಆದರೂ ಬೆಳಗಿನ ಕಾಫಿಯ ಜೊತೆ ಅವಳು ಮೊದಲು ತೆರೆಯುವುದು ಮೋನಿಕಾಳ ಸೈಟನ್ನೇ.

"ನೋಡಿ ಅತ್ತೆ, ಮತ್ತೆ ಬಣ್ಣ ಬದಲಾಯಿಸಿದಾಳೆ. ನವಿಲಿನ ಬಣ್ಣ ಅಂತೆ."

"ಚೆನ್ನಾಗಿದೆ ಕಣೇ."

"ನಿಮಗೆ ಅವಳದ್ದೆಲ್ಲಾ ಚೆನ್ನಾಗೇ ಇರುತ್ತೆ."

ಲಗ್ನದ ತಿಂಗಳು ಹತ್ತಿರ ಬಂದಾಗ ಇವಳೂ ಬಣ್ಣ ಬದಲಾಯಿಸಲು ಕೂತಳು. ಜನ ನೋಡುತ್ತಿದ್ದ ಸೈಟಿನ ಮೇಲೆಯೇ ಹೊಸ ವಿನ್ಯಾಸ ಹಾಕಿ ಬಟನ್ ಒತ್ತಿಬಿಟ್ಟಳು. ಬಣ್ಣವೇನೋ ಬಂತು, ಅಳತೆ ತುಂಬುವ ಪುಟ ಮಾಯವಾಯಿತು. ಹಳೆಯ ವಿನ್ಯಾಸ ವಾಪಸ್ ಹಾಕಿದರೂ ಆ ಪುಟ ಬರಲಿಲ್ಲ. ಸಂಜೆ ವಿನೋಬನಗರದಿಂದ ಸುಪ್ರಿಯಾ ಅನ್ನುವ ಮದುಮಗಳು ಫೋನ್ ಮಾಡಿದಳು.

"ಮೇಡಂ, ನಿಮ್ಮ ಸೈಟಲ್ಲಿ ಅಳತೆ ಹಾಕೋಕೇ ಆಗ್ತಿಲ್ಲ. ಪರವಾಗಿಲ್ಲ ಬಿಡಿ, ಮೋನಿಕಾ ಅವರಿಗೆ ಕೊಟ್ಟೆ."

ಕವನ ಫೋನನ್ನು ಪಕ್ಕಕ್ಕೆ ಇಟ್ಟಳು. "ಅವಳದ್ದು ಯಾಕೆ ಒಂದ್ಸಲಾನೂ ಕೆಡಲ್ಲ? ಈ ಲಗ್ನದ ತಿಂಗಳು ಮುಗಿಯೋದ್ರೊಳಗೆ ನನ್ನ ಗಿರಾಕಿಗಳೆಲ್ಲ ಅವಳ ಬಾಗಿಲಲ್ಲಿ ಇರ್ತಾರೆ."

"ಹೋಗಿ ಕೇಳು."

"ನಾನಾ? ಅವಳ ಹತ್ರಾನಾ? ಸತ್ರೂ ಕೇಳಲ್ಲ."

ಮಾರನೆಯ ದಿನ ಭದ್ರಾವತಿ ಬಸ್ಸಿನಲ್ಲಿದ್ದೆವು. ನೆಪಕ್ಕೆ ನಾನು.

"ಅತ್ತೆ ನಿನ್ನ ನೋಡ್ಬೇಕು ಅಂತ ಒಂದೇ ಹಟ, ಮಾರಾಯ್ತಿ," ಎನ್ನುತ್ತಾ ಕವನ ಒಳಗೆ ಹೋದಳು. ಮೋನಿಕಾ ಇಬ್ಬರ ಕಾಲಿಗೂ ನಮಸ್ಕಾರ ಮಾಡಿ ಶರಬತ್ತು ತಂದಳು. ಕವನ ಮಷಿನ್ನು, ಫ್ಯಾನು, ಟ್ರಯಲ್ ರೂಮು ಎಲ್ಲವನ್ನೂ ಒಂದು ಸುತ್ತು ನೋಡಿ, "ಕನ್ನಡಿ ಸ್ವಲ್ಪ ದೊಡ್ಡದಾಯ್ತು" ಎಂದಳು.

ಹೀಗೇ ಬಿಟ್ಟರೆ ಕೊನೆಯ ಬಸ್ಸೂ ತಪ್ಪುತ್ತದೆಂದು ನಾನೇ ಕೇಳಿದೆ. "ಇವಳ ಸೈಟು ಕೆಟ್ಟು ಕೂತಿದೆ. ನಿನ್ನದು ಯಾಕಮ್ಮ ಕೆಡಲ್ಲ?"

ಕವನ ನನ್ನ ತೊಡೆ ಚಿವುಟಿದಳು.

"ಅಯ್ಯೋ, ಕೆಡುತ್ತೆ ಅತ್ತೆ! ಆದ್ರೆ ಇಲ್ಲಿ ಕೆಡುತ್ತೆ." ಮೋನಿಕಾ ಲ್ಯಾಪ್‌ಟಾಪ್ ತೆರೆದಳು. ಅವಳ ಸೈಟೇ, ಅವೇ ಫೋಟೊಗಳು, ನೆತ್ತಿಯ ಮೇಲೆ ಮಾತ್ರ ಕೆಂಪು ಪಟ್ಟಿ. "ಇದಕ್ಕೆ ಸ್ಟೇಜಿಂಗ್ ಸೈಟ್ ಅಂತಾರೆ. ಅಸಲಿಯ ನಕಲು. ಪಾಸ್‌ವರ್ಡ್ ಇಲ್ದೆ ಯಾರಿಗೂ ಕಾಣಲ್ಲ. ಏನೇ ಬದಲಾಯಿಸಿದ್ರೂ ಮೊದಲು ಇದರಲ್ಲಿ ಹಾಕಿ, ಸುಳ್ಳು ಆರ್ಡರ್ ಕೊಟ್ಟು ನೋಡ್ತೀನಿ. ಸರಿ ಇದ್ರೆ ಆಮೇಲೆ ಅಸಲಿಗೆ. ನೀವು ರೇಷ್ಮೆ ಮುಟ್ಟೋಕೆ ಮುಂಚೆ ಹಳೇ ಪಂಚೇಲಿ ಕತ್ತರಿಸಿ ನೋಡ್ತೀರಲ್ಲ ಅಕ್ಕ, ಹಾಗೆ."

ಕವನಳ ಮುಖ ಸಣ್ಣದಾಯಿತು. ಮನೆಯ ಹಳೆಯ ಪಂಚೆಗಳೆಲ್ಲ ಅವಳ ಕತ್ತರಿಗೇ ಹೋಗಿವೆ. ಇವತ್ತಿಗೂ ಹೊಸ ಡಿಸೈನನ್ನು ಅವಳು ನೇರ ರೇಷ್ಮೆಯ ಮೇಲೆ ಇಟ್ಟವಳಲ್ಲ. ತನ್ನ ಪಂಚೆಯನ್ನೇ ಯಾರೋ ಎತ್ತಿಕೊಂಡು ಹೋದ ಹಾಗೆ ಲ್ಯಾಪ್‌ಟಾಪನ್ನು ನೋಡುತ್ತಿದ್ದಳು. ಆಮೇಲೆ ಕಣ್ಣು ಅಗಲವಾಯಿತು. ಸುಳ್ಳು ಆರ್ಡರುಗಳ ಮೇಲೆಲ್ಲ ಅವಳದೇ ಹೆಸರು.

"ನನ್ನ ಹೆಸರು ಯಾಕೇ ಇದೆ ಇಲ್ಲಿ?"

"ಅಳತೆ ತುಂಬದೆ ಆರ್ಡರ್ ಮುಂದಕ್ಕೆ ಹೋಗಲ್ಲ ಅಕ್ಕ. ನಾನು ಮೊದಲನೇ ಬ್ಲೌಸ್ ಹೊಲಿದಿದ್ದು ನಿಮಗೇ ಅಲ್ವಾ? ಆ ಅಳತೆ ಬಾಯಿಪಾಠ. ಸೊಂಟ ಇಪ್ಪತ್ತಾರು."

ಕವನ ಮೆಲ್ಲಗೆ ಸೆರಗು ಮುಂದಕ್ಕೆಳೆದುಕೊಂಡಳು. ನನಗೆ ನಗು ತಡೆಯಲಾಗಲಿಲ್ಲ.

"ಇಪ್ಪತ್ತಾರೇ? ಈಗ ಅದು ಇವಳ ತೋಳಿಗೆ ಸಾಕು."

"ಅತ್ತೆ!"

ವಾಪಸ್ ಬರುವಾಗ ಬಸ್ಸಿನಲ್ಲಿ ಕವನ, "ಅಂಗಡಿ ನೋಡಿ ಅಷ್ಟು ಉರೀಲಿಲ್ಲ ಅತ್ತೆ," ಎಂದಳು. "ಅಲ್ಲೊಬ್ಬಳು ಇದಾಳಲ್ಲ, ಇಪ್ಪತ್ತಾರು ಸೊಂಟದವಳು, ಅವಳನ್ನ ನೋಡಿ ಉರೀತು."

ಮರುದಿನ ಮೋನಿಕಾ ಫೋನಿನಲ್ಲಿ ಹೇಳುತ್ತಾ ಹೋದಳು. ಸೈಟಿಗೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಯ ಪುಟದಲ್ಲಿ ನಕಲು ಮಾಡುವುದು, ಅದಕ್ಕೆ ಪಾಸ್‌ವರ್ಡ್ ಹಾಕುವುದು, ಅದರಿಂದ ಗಿರಾಕಿಗಳಿಗೆ ಮೆಸೇಜ್ ಹೋಗದ ಹಾಗೆ ನಿಲ್ಲಿಸುವುದು. ಪ್ರತಿಯೊಂದಕ್ಕೂ ಕವನ "ಹೂಂ, ಗೊತ್ತು" ಎನ್ನುತ್ತಿದ್ದಳು. ಗೊತ್ತಿದ್ದರೆ ಇಷ್ಟು ಹೊತ್ತು ಫೋನು ಹಿಡಿಯುತ್ತಿದ್ದಳೇ? ಆ ನಕಲಿನ ಮೇಲೆ ತಿದ್ದಿ ತಿದ್ದಿ, ಮಧ್ಯಾಹ್ನದ ಊಟವನ್ನೂ ಮರೆತು, ಕಡೆಗೆ ಅಳತೆಯ ಪುಟವನ್ನು ಹಿಡಿದು ತಂದಳು. ಇನ್ನು ಸುಳ್ಳು ಆರ್ಡರ್ ಹಾಕಿ ನೋಡಬೇಕು. ಹೆಸರಿನ ಜಾಗದಲ್ಲಿ ಮೋನಿಕಾ ಎಂದು ಬರೆದಳು.

"ಅವಳ ಅಳತೆ ನಿನಗೆ ಗೊತ್ತೇನೇ?"

"ಶರಬತ್ತು ಕುಡೀತಾ ಕಣ್ಣಲ್ಲೇ ಅಳೆದು ಬಂದಿದೀನಿ."

ಸೊಂಟಕ್ಕೆ ಮೂವತ್ತು ಎಂದು ಹಾಕಿದಳು. ಸ್ವಲ್ಪ ಯೋಚಿಸಿ, ಅದನ್ನು ಅಳಿಸಿ, ಮೂವತ್ತೆರಡು ಎಂದು ಹಾಕಿದಳು.

"ಅವಳು ಅಷ್ಟಿಲ್ಲ ಕಣೇ."

"ಟ್ರಯಲ್ ತಾನೇ ಅತ್ತೆ."

ಆರ್ಡರ್ ಸರಾಗವಾಗಿ ಹೋಯಿತು. ತಿದ್ದಿದ್ದನ್ನೆಲ್ಲ ಅಸಲಿ ಸೈಟಿಗೆ ಹಾಕಿ, ಕವನ ಕತ್ತರಿ ಕೈಗೆತ್ತಿಕೊಂಡಳು. ಆ ಸಂಜೆ ಅದು ನಿಧಾನವಾಗಿ ಓಡುತ್ತಿತ್ತು.